ಆಲೂರಿನ ಐದೂ ನಲವತ್ತು

ಭಾನುವಾರ ರಾತ್ರಿಯೆಲ್ಲ ಕೂತು ಬರೆದಿದ್ದೆ
ಹಾಸನ ಡಿಪೋದ ಬೆಳಗನ್ನು ಮೂರು ಸ್ಕೆಚ್ ಪೆನ್ನಿನಲ್ಲಿ.
ಹಸಿರು: ತೊಳೆಯುವ ಬಸ್ಸು. ನೀಲಿ: ಗ್ರೀಸಿನ ಸರದಿ.
ಕೆಂಪು: ಎರಡನ್ನು ಒಂದು ಮಾಡಿ ಉಳಿಸಿದ ಗಾಡಿ.
ಐದೂ ನಲವತ್ತು, ಆರೂ ಹತ್ತು,
ಎರಡೂ ಆಲೂರಿನಿಂದ ಹೊರಡುವಂಥವು,
ಟಿಕೆಟ್ ಲೆಕ್ಕದಲ್ಲಿ ಎರಡೂ ಅರ್ಧ ಖಾಲಿ,
ಕೂಡಿಸಿದರೆ ಒಂದು ತುಂಬು.

ಸೋಮವಾರದ ಮೀಟಿಂಗಿನಲ್ಲಿ
ಚಾರ್ಟು ಗೋಡೆಗೆ ಅಂಟುವ ಮೊದಲೇ ನನ್ನ ಮಾತು ಅಂಟಿತ್ತು.
ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು,
ಬ್ರೇಕ್ ಹಿಡಿಯದ ಇಳಿಜಾರು ನನ್ನ ಬಾಯಿ.
ಡ್ರೈವರ್ ನಿಂಗರಾಜೇಗೌಡರು ಕೆಮ್ಮಿ, ಖಾಕಿ ಕಾಲರು ಸರಿಮಾಡಿ,
‘ಮೇಡಂ, ಆ ಐದೂ ನಲವತ್ತಲ್ಲಿ...’ ಅಂದರು.
‘ಮಂಜು ತಾನೆ? ಲೆಕ್ಕಕ್ಕೆ ತಗೊಂಡಿದ್ದೀನಿ’ ಅಂದೆ.
‘ಮಂಜಲ್ಲ, ಅದರಲ್ಲಿ ಬರೋರು...’
‘ಅರ್ಧ ಗಂಟೆ ಕಾಯಬೇಕು, ಅಷ್ಟೇ ಅಲ್ವಾ?’ ಅಂದೆ.
ಅವರ ವಾಕ್ಯಕ್ಕೆಲ್ಲ ನಾನೇ ಪೂರ್ಣವಿರಾಮ ಇಟ್ಟೆ,
ಒಂದೊಂದಕ್ಕೂ ಒಂದು ಮುಗುಳ್ನಗೆ ಸೇರಿಸಿ.
ಅವರು ತಲೆಯಾಡಿಸಿದರು.
ಒಪ್ಪಿಗೆ ಎಂದು ಬರೆದುಕೊಂಡೆ.

ಮಧ್ಯಾಹ್ನ ವರ್ಕ್‌ಶಾಪಿನಲ್ಲಿ
ಬಾಬಾಜಾನ್ ಮೇಸ್ತ್ರಿ ಒಂದು ಎಂಜಿನ್ನಿಗೆ ಬಗ್ಗಿದ್ದರು.
ಉದ್ದ ಸ್ಕ್ರೂಡ್ರೈವರಿನ ಮೊನೆ ಕಬ್ಬಿಣಕ್ಕೆ,
ಹಿಡಿ ಕಿವಿಗೆ, ಕಣ್ಣು ಮುಚ್ಚಿ,
ಪಕ್ಕದ ಮನೆಯ ಜಗಳ ಕೇಳುವವರ ಹಾಗೆ.
ಸೀಟಿನಲ್ಲಿ ಕೂತ ಅಪ್ರೆಂಟಿಸ್ ಹುಡುಗನಿಗೋ ಹುರುಪು,
ಆಕ್ಸಿಲರೇಟರ್ ಒತ್ತಿದ್ದೇ ಒತ್ತಿದ್ದು, ಶೆಡ್ಡಿನ ತಗಡೆಲ್ಲ ನಡುಗಿತು.
‘ಕಾಲು ತೆಗಿಯೋ!
ನೀನು ರೇಸ್ ಮಾಡ್ತಿದ್ರೆ ನಂಗೆ ಕೇಳೋದು ನಿನ್ನ ಕಾಲು,
ಗಾಡಿ ಅಲ್ಲ.’
ಹೇಳಿದ್ದು ಹುಡುಗನಿಗೆ.
ಬಿಸಿಯಾದದ್ದು ನನ್ನ ಕಿವಿ.

ಮುಂದಿನ ಸೋಮವಾರ ಬಾಯಿಗೆ ಬೀಗ.
ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ,
ಶಟರ್ ಎಳೆದ ಬಂಗಾರದಂಗಡಿಯ ಹಾಗೆ ಕೂತೆ.
ಮ್ಯಾನೇಜರ್ ಕೇಳಿದರೆ, ‘ಎಲ್ಲರೂ ಹೇಳಿದ ಹಾಗೆ, ಸರ್.’
ಯಾರೂ ಏನೂ ಹೇಳಿರಲಿಲ್ಲ.
ಟೀ ಬಂತು, ಬಿಸ್ಕತ್ತು ಮುಗಿಯಿತು,
ಫ್ಯಾನು ಮಾತ್ರ ತನ್ನ ಅಭಿಪ್ರಾಯ ಹೇಳುತ್ತಲೇ ಇತ್ತು.

ಹೊರಗೆ ಬಾಬಾಜಾನ್, ಹತ್ತಿ ವೇಸ್ಟಿನಲ್ಲಿ ಕೈ ಒರೆಸುತ್ತ:
‘ಏನ್ ಮೇಡಂ, ಎಂಜಿನ್ನೇ ಆಫ್ ಮಾಡಿಬಿಟ್ರಿ?
ಆಫಾದ ಗಾಡಿಗೆ ಕಿವಿ ಕೊಟ್ರೆ
ನಮ್ ರಕ್ತ ಓಡೋ ಸದ್ದೇ ನಮಗೆ ಕೇಳೋದು.
ಐಡ್ಲಿಂಗಲ್ಲಿ ಬಿಡಿ.
ಆ ಹಸಿರು ಗೆರೆ ಚೆನ್ನಾಗಿತ್ತು, ಹೇಳೋರಿಲ್ದೆ ಹೋಯ್ತು.’

ಡೀಸೆಲ್ ಬಂಕಿನ ಹತ್ತಿರ ಗೌಡರನ್ನು ಹಿಡಿದೆ.
‘ಅವತ್ತು ಐದೂ ನಲವತ್ತರದ್ದು ಏನೋ ಅಂತಿದ್ರಿ.’
ಅವರು ಎಲೆಗೆ ಸುಣ್ಣ ಸವರಿದರು. ಅಡಿಕೆ ಹುಡುಕಿದರು.
ನನ್ನ ನಾಲಿಗೆಯ ತುದಿಗೆ ನಾಲ್ಕು ಉತ್ತರ ಬಂದು ಜೋತುಬಿದ್ದವು
ಫುಟ್‌ಬೋರ್ಡಿನ ಹುಡುಗರ ಹಾಗೆ; ಒಳಗೆ ಬಿಡಲಿಲ್ಲ.
ಪೆನ್ನಿನ ಮುಚ್ಚಳ ಕಚ್ಚಿ ನಿಂತೆ.
ಕೊನೆಗೂ ಅಡಿಕೆ ಸಿಕ್ಕಿತು:

‘ಹದಿನೇಳು ಜನ ಹೆಣ್ಮಕ್ಳು ಮೇಡಂ, ಗಾರ್ಮೆಂಟ್ಸಿನವರು.
ಆರೂವರೆಗೆ ಗೇಟು ಹಾಕ್ತಾರೆ.
ಐದು ನಿಮಿಷ ತಡ ಅಂದ್ರೆ ಅರ್ಧ ದಿನದ ಸಂಬಳ ಕಟ್.
ಎಲ್ಲಾ ಪಾಸು. ಟಿಕೆಟ್ ಲೆಕ್ಕಕ್ಕೆ ಬರಲ್ಲ.’

ಪಾಸು!
ನನ್ನ ಮೂರು ಬಣ್ಣದಲ್ಲಿ ಅವರಿಗೊಂದು ಬಣ್ಣವಿರಲಿಲ್ಲ.

ಕೆಂಪು ಗೆರೆ ಉಜ್ಜಿದೆ. ಸ್ಕೆಚ್ ಪೆನ್ನು ಪೂರ್ತಿ ಹೋಗುವುದಿಲ್ಲ,
ತಿಳಿಗುಲಾಬಿಯಾಗಿ ಉಳಿದಿದೆ, ನೋಡಿದವರು ಕೇಳುತ್ತಾರೆ.
ಹಸಿರನ್ನು ಬಿಡಲಿಲ್ಲ.
ಮೂರನೆಯ ಸೋಮವಾರ ಅದಕ್ಕಾಗಿ ಮೇಜು ಕುಟ್ಟಿಯೇ ವಾದಿಸಿದೆ,
ಆ ಜೋರಿನಲ್ಲಿ, ಕಂಡಕ್ಟರ್ ಕನಕಲತಾ ಬಾಯಿ ತೆರೆದದ್ದೇ ತಡ,
‘ಹಾಂ ಗೊತ್ತು, ನೀವು ಹೇಳೋದು...’
ಅಂದುಬಿಟ್ಟೆ, ಮತ್ತೆ.

ಬಾಗಿಲಲ್ಲಿ ನಿಂತ ಬಾಬಾಜಾನ್ ಏನೂ ಅನ್ನಲಿಲ್ಲ.
ಸ್ಕ್ರೂಡ್ರೈವರಿನ ಹಿಡಿಯಿಂದ
ಮೆಲ್ಲಗೆ ಕಿವಿ ಕೆರೆದುಕೊಂಡರು.

ಕಾಲು ತೆಗೆದೆ.
‘ಹೇಳಿ, ಕನಕಲತಾ.’